ಮೊದಲ ದಿನದ ಆಯ್ಕೆ

ಟಾರ್ಚ್ ಹಿಡಿಯುವುದು ನನ್ನ ಕೆಲಸ, ಕಾಲು ನೋಡುವುದು ಅತ್ತೆಯ ಕೆಲಸ. ನನಗೆ ಒಂಬತ್ತು ವರ್ಷವಾದಾಗಿನಿಂದ ಈ ಹಂಚಿಕೆ ಬದಲಾಗಿಲ್ಲ. ಈಗ ನನಗೆ ಹತ್ತೊಂಬತ್ತು, ಕಾಲೇಜಿನಲ್ಲಿ ಎರಡನೇ ವರ್ಷ. ಆದರೂ ಬಡ್ತಿ ಸಿಕ್ಕಿಲ್ಲ.

ಆ ಭಾನುವಾರ ಬೆಳಿಗ್ಗೆ ಐವತ್ತೆರಡು ಮರಿಗಳು ಹೊರಬಂದಿದ್ದವು. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಕೆಟ್ಟುಹೋದ ಫ್ರಿಜ್ಜೊಂದಕ್ಕೆ ಬಲ್ಬು, ಫ್ಯಾನು, ಅದೇನೇನೋ ವೈರು ಸೇರಿಸಿ ಅವನೇ ತನ್ನ ಅಕ್ಕನಿಗೆ ಮಾಡಿಕೊಟ್ಟ ಕಾವುಪೆಟ್ಟಿಗೆ ಅದು. ಅದರೊಳಗಿಂದ ಅತ್ತೆ ಒಂದೊಂದೇ ಮರಿಯನ್ನು ಎತ್ತಿ, ಅಂಗೈಯಲ್ಲಿ ಮಗುಚಿ, ಎರಡು ಬೆರಳ ನಡುವೆ ಕಾಲು ಹಿಡಿದು ಬೆಳಕಿಗೆ ತರುತ್ತಿದ್ದಳು. ಕಪ್ಪು ಕಾಲಾದರೆ ಬಲಗಡೆಯ ರಟ್ಟಿನ ಡಬ್ಬಕ್ಕೆ. ಬಿಳಿ ಕಾಲಾದರೆ ಎಡಗಡೆಯ ಬಕೆಟ್ಟಿಗೆ. ಬಕೆಟ್ಟಿಗೆ ಹೋಗುವ ಮೊದಲು ಅತ್ತೆಯ ಹೆಬ್ಬೆರಳು ಮರಿಯ ಕತ್ತಿನ ಹಿಂದೆ ಒಮ್ಮೆ ಒತ್ತುತ್ತಿತ್ತು. ಸದ್ದು ಬರುವುದಿಲ್ಲ. ಒಂದು ಕ್ಷಣ ಕೂಡ ಹಿಡಿಯುವುದಿಲ್ಲ. ಮೊದಮೊದಲು ನಾನು ಆ ಕಡೆ ನೋಡದೆ ಚಾವಣಿ ನೋಡುತ್ತಿದ್ದೆ. ಆಮೇಲೆ ಅದೂ ಬಿಟ್ಟುಹೋಯಿತು. ಹತ್ತು ವರ್ಷ ಟಾರ್ಚ್ ಹಿಡಿದರೆ ಯಾವುದಾದರೂ ಅಭ್ಯಾಸವಾಗುತ್ತದೆ.

ಐವತ್ತು ಮರಿಯವರೆಗೂ ಬರೀ ಕಪ್ಪು. ನಾನು ಖುಷಿಯಲ್ಲಿ ಟಾರ್ಚ್ ಕುಣಿಸಿದೆ.

"ನೆಟ್ಟಗೆ ಹಿಡಿಯೇ ಗಿಲಕಿ! ಇದೇನು ಮದುವೆ ಆರ್ಕೆಸ್ಟ್ರಾನಾ?"

ಗಿಲಕಿ ಅಂದರೆ ನಾನು. ಬಾಯಿ ಮುಚ್ಚದೆ ಸದ್ದು ಮಾಡುವ ಕಾರಣಕ್ಕೆ ಬಂದ ಬಿರುದು.

ಐವತ್ತೊಂದನೆಯದು ಬಿಳಿ. ಮೇಣದಬತ್ತಿಯ ಬಣ್ಣದ ಎರಡು ಪುಟಾಣಿ ಕಾಲು, ಉಗುರು ಸಮೇತ. ಅತ್ತೆ ಅದನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಬೇಸರದಿಂದ ಅಲ್ಲ, ಸಂತೋಷದಿಂದ.

"ಒಂದೇ ಒಂದು ಕಣೇ. ಶುರುವಲ್ಲಿ ಅರ್ಧಕ್ಕರ್ಧ ಬರ್ತಿದ್ವು. ಹೋದ ವರ್ಷ ಮೂರು. ಇದೇ ಕೊನೇದು ಅನ್ಸುತ್ತೆ."

ಹೆಬ್ಬೆರಳು ಒತ್ತಿತು. ಕೊನೆಯ ಮರಿಯೂ ಕಪ್ಪು. ಅತ್ತೆ ಆ ದಿನ ನನಗೆ ಎರಡು ಲೋಟ ಚಹಾ ಮಾಡಿಕೊಟ್ಟಳು, ತಾನೂ ಎರಡು ಲೋಟ ಕುಡಿದಳು. "ಇನ್ಮೇಲೆ ಯಾವನು ಬಂದು ಬೇಕಾದ್ರೂ ನೋಡ್ಲಿ" ಅಂದಳು.

ಬಂದು ನೋಡುವವರು ನಿಜಕ್ಕೂ ಇದ್ದರು. ಅವರನ್ನು ಕರೆಸಿದವಳು ನಾನೇ.

ಅತ್ತೆಯ ಕೋಳಿಗಳ ತಳಿಯ ಹೆಸರು ಬೂದಿಗಾಲು. ಮೈ ತುಕ್ಕು ಹಿಡಿದ ಕಬ್ಬಿಣದ ಕೆಂಪು, ಜುಟ್ಟು ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಹಾಗೆ ಚಪ್ಪಟೆ, ಕಿವಿಯ ಹಾಲೆ ಬಿಳಿ, ಕಾಲು ಬೂದಿಯ ಬಣ್ಣ. ಇದು ನಮ್ಮ ಅಜ್ಜ ಸಾಕಿದ್ದ ತಳಿ. ಅವನು ತೀರಿಕೊಂಡಾಗ ಅಪ್ಪ ಗಡಿಯಾರ ತೆಗೆದುಕೊಂಡ, ಅತ್ತೆ ಕೋಳಿಗಳನ್ನು ತೆಗೆದುಕೊಂಡಳು. ಗಡಿಯಾರ ಆರು ತಿಂಗಳಲ್ಲಿ ನಿಂತುಹೋಯಿತು. ಕೋಳಿಗಳು ಇಪ್ಪತ್ತೆರಡು ವರ್ಷದಿಂದ ಹಿತ್ತಿಲಲ್ಲಿವೆ. ಅತ್ತೆ ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ "ಹುಂಜಕ್ಕೆ ಹೊಟ್ಟೆಕಿಚ್ಚಾಗುತ್ತೆ" ಅನ್ನುತ್ತಿದ್ದಳು.

ಅವಳ ಕೆಲಸ ಹಲ್ಲು ಮಾಡುವುದು. ನಮ್ಮ ಬೀದಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಒಂದು ಲ್ಯಾಬು. ಡಾಕ್ಟರುಗಳು ಅಳತೆ ಕಳಿಸುತ್ತಾರೆ, ಅತ್ತೆ ಮೇಣದಲ್ಲಿ ಹಲ್ಲಿನ ಸೆಟ್ಟು ಕಟ್ಟಿ, ಬಣ್ಣ ಹೊಂದಿಸಿ, ಉಜ್ಜಿ ಕೊಡುತ್ತಾಳೆ. ಬಣ್ಣ ಹೊಂದಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಬಸ್ಸಿನಲ್ಲಿ ಎದುರು ಸೀಟಿನವರು ನಕ್ಕರೆ ಸಾಕು, "ಮೇಲಿನ ಎಡಗಡೆ ಎರಡು ಕಟ್ಟಿಸಿದ್ದು, ಬಣ್ಣ ಒಂದು ಮೆಟ್ಟಿಲು ಹಳದಿ ಜಾಸ್ತಿ" ಅಂತ ನನ್ನ ಕಿವಿಯಲ್ಲಿ ಹೇಳುತ್ತಾಳೆ.

ಹೋದ ವರ್ಷ ನಾನು ಹಳೆ ತಳಿಗಳ ಸಂಘದವರ ಪಟ್ಟಿ ನೋಡಿದೆ. ಕೋಳಿ ಸಾಕುವ ಹುಚ್ಚಿನವರೆಲ್ಲ ಸೇರಿ ಮಾಡಿಕೊಂಡ ಸಂಘ ಅದು. ಬೂದಿಗಾಲಿನ ಹೆಸರಿನ ಮುಂದೆ "ಹದಿನೈದು ವರ್ಷದಿಂದ ಕಂಡಿಲ್ಲ, ಮುಂದಿನ ವರ್ಷದೊಳಗೆ ಸಿಗದಿದ್ದರೆ ಅಳಿದಿದೆ ಎಂದು ದಾಖಲಿಸಲಾಗುವುದು" ಅಂತ ಬರೆದಿತ್ತು. ನಾನು ಕೂತಲ್ಲೇ ಕಿರುಚಿದೆ. ನಮ್ಮ ಹಿತ್ತಿಲಲ್ಲಿ ಮೂವತ್ತಾರು ಕೋಳಿ ಓಡಾಡಿಕೊಂಡಿವೆ, ಇವರು ತಿಥಿ ಮಾಡಲು ಹೊರಟಿದ್ದಾರೆ! ಅತ್ತೆಯನ್ನು ಕೇಳದೆ ಅರ್ಜಿ ತುಂಬಿದೆ. "ಆಯ್ಕೆಯ ವಿಧಾನ" ಅಂತ ಇದ್ದ ಜಾಗದಲ್ಲಿ ದೊಡ್ಡದಾಗಿ "ಮೊದಲ ದಿನವೇ ಆರಿಸುತ್ತೇವೆ" ಅಂತ ಬರೆದೆ.

ಅತ್ತೆಗೆ ಹೇಳಿದಾಗ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಪಟ್ಟಿಯ ಆ ಸಾಲನ್ನು ನಾಲ್ಕು ಸಲ ಓದಿದಳು.

"ಜೀವಂತ ಇದೆ ಅಂತ ಬರೀತಾರಾ?"

"ಪರೀಕ್ಷೆಯಲ್ಲಿ ಪಾಸಾದ್ರೆ ಬರೀತಾರೆ. ಪಾಲಕರು ಅಂತ ನಿನ್ನ ಹೆಸರೂ ಹಾಕ್ತಾರೆ."

"ನನ್ನ ಹೆಸರು ಕಟ್ಕೊಂಡು ಏನಾಗ್ಬೇಕು. ಅದು ಇದೆ ಅಂತ ಬರೆದ್ರೆ ಸಾಕು." ಹಾಗಂದವಳು ಮರುದಿನ ಗೂಡಿಗೆಲ್ಲ ಸುಣ್ಣ ಹೊಡೆದಳು. ಅಪ್ಪ ಮೆಟ್ಟಿಲ ಮೇಲೆ ಕೂತು, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ಮನೆ ಗೋಡೆಗೆ ಸುಣ್ಣ ಕಂಡು ಏಳು ವರ್ಷ ಆಯ್ತು" ಅಂದ. "ನೀನು ಮೊಟ್ಟೆ ಇಡು, ನಿನ್ನ ರೂಮಿಗೂ ಹೊಡೀತೀನಿ" ಅಂದಳು ಅತ್ತೆ.

ಮರಿಗಳನ್ನು ಆರಿಸಿದ ಮೂರು ವಾರಕ್ಕೆ ಪರೀಕ್ಷಕರು ಬಂದರು. ದೊಡ್ಡ ವಿಜ್ಞಾನಿ ಬರುತ್ತಾರೆ ಅಂತ ನಾನು ಕನಸು ಕಂಡಿದ್ದೆ. ಬಂದದ್ದು ಹಳದಿ ಸ್ಕೂಲ್ ವ್ಯಾನು. ಅದನ್ನು ಓಡಿಸುವುದೇ ಅವರ ಕೆಲಸ, ರಜಾ ದಿನ ಮಾತ್ರ ಕೋಳಿ ನೋಡುವುದು. ಅರವತ್ತರ ಆಸುಪಾಸು, ಸಣ್ಣ ದನಿ, ಕೈಯಲ್ಲಿ ಮಡಿಸುವ ಸ್ಟೂಲು. ಅತ್ತೆ ಚಹಾ ಅಂದರೆ, "ಚಹಾ ಆಮೇಲೆ ತಾಯಿ, ಮೊದ್ಲು ಹುಂಜ" ಅಂದರು. ಅಷ್ಟಕ್ಕೇ ಅತ್ತೆಗೆ ಅವರು ಇಷ್ಟವಾಗಿಬಿಟ್ಟರು.

ಹಿತ್ತಿಲಲ್ಲಿ ಸ್ಟೂಲು ಬಿಡಿಸಿ ಕೂತು ದೊಡ್ಡ ಹುಂಜವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅವರ ಕೈಯಲ್ಲಿ ಅದು ಕಮಕ್ ಕಿಮಕ್ ಅನ್ನಲಿಲ್ಲ.

"ಜುಟ್ಟು ಸರಿ. ಕಿವಿ ಸರಿ. ಆಹಾ, ಕುತ್ತಿಗೆ ನೋಡಿ, ಎಷ್ಟು ವರ್ಷ ಆಯ್ತು ಇಂಥ ಕುತ್ತಿಗೆ ನೋಡಿ. ಬೆನ್ನು ಸರಿ." ನಾನು ಅತ್ತೆಯ ಬೆನ್ನಿಗೆ ಮೆಲ್ಲಗೆ ಗುದ್ದಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಆಮೇಲೆ ಅವರು ಕನ್ನಡಕ ಬದಲಿಸಿ ಕಾಲು ನೋಡಿದರು. ತಿರುಗಿಸಿ ನೋಡಿದರು. ಕೋಳಿಯ ಕಾಲಿನ ಮೇಲೆ ಹೆಂಚು ಹೊದಿಸಿದ ಹಾಗೆ ಹುರುಪೆಗಳಿರುತ್ತವಲ್ಲ, ಉದುರುವುದಕ್ಕೆ ಬಂದಿದ್ದ ಹಳೆಯದೊಂದನ್ನು ಉಗುರಿನಿಂದ ಎತ್ತಿದರು. ಹುರುಪೆ ಕಪ್ಪಗಿತ್ತು. ಅದರ ಕೆಳಗಿನ ಚರ್ಮ ಬಿಳಿ.

ಅವರು ಇನ್ನೊಂದು ಕೋಳಿ ಕೇಳಿದರು. ಮತ್ತೊಂದು. ಹನ್ನೊಂದು ಕೋಳಿಯಾದ ಮೇಲೆ ಅತ್ತೆಯೇ ಕೇಳಿದಳು. "ಏನಾಯ್ತು?"

"ಬೂದಿಗಾಲಿನ ಬಣ್ಣ ಚರ್ಮದೊಳಗಿರುತ್ತೆ ತಾಯಿ. ಹುರುಪೆ ಗಾಜಿನ ಹಾಗೆ ತೆಳ್ಳಗಿರುತ್ತೆ, ಒಳಗಿನ ಬಣ್ಣ ಅದರ ಮೂಲಕ ಕಾಣುತ್ತೆ. ಅದಕ್ಕೇ ಬೂದು. ಇದು ಮೇಲಿನ ಹುರುಪೆಯದೇ ಬಣ್ಣ. ಒಳಗೇನೂ ಇಲ್ಲ."

"ಇಲ್ಲ ಇಲ್ಲ. ನನ್ನ ಹತ್ರ ಮಾದರಿ ಇದೆ" ಅಂತ ಅತ್ತೆ ಒಳಗೆ ಓಡಿದಳು.

ಮಾದರಿ ಅಂದರೆ ಅವಳ ಹೆಮ್ಮೆ. ಹಲ್ಲಿನ ಬಣ್ಣ ಹೊಂದಿಸಲು ಲ್ಯಾಬಿನಲ್ಲಿ ಹಲ್ಲಿನಾಕಾರದ ಬಿಲ್ಲೆಗಳ ಸಾಲು ಇರುತ್ತದೆ. ಅದೇ ತರಹ ಅತ್ತೆ ಕೋಳಿಕಾಲಿಗೂ ಬಿಲ್ಲೆ ಮಾಡಿಕೊಂಡಿದ್ದಳು. ಪ್ರತಿ ವರ್ಷ ಆ ವರ್ಷದ ಅತ್ಯುತ್ತಮ ಹುಂಜದ ಕಾಲಿಗೆ ಸರಿಹೊಂದುವ ಹಾಗೆ ಹೊಸದೊಂದು ಬಿಲ್ಲೆ ಮಾಡಿ, ಮುಂದಿನ ವರ್ಷದ ಮರಿಗಳನ್ನು ಅದಕ್ಕೆ ಹಿಡಿದು ನೋಡುತ್ತಿದ್ದಳು. ಹಳೆಯವನ್ನು ಬಿಸಾಡುತ್ತಿರಲಿಲ್ಲ. ಆದರೆ ತೆಗೆದು ನೋಡುತ್ತಲೂ ಇರಲಿಲ್ಲ. ಹೋದ ವರ್ಷದ್ದು, ಈ ವರ್ಷದ್ದು, ಅಷ್ಟೇ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳೇ ಇಪ್ಪತ್ತೆರಡನ್ನೂ ವರ್ಷದ ಪ್ರಕಾರ ಜೋಡಿಸಿದಳು. ಐದಾರು ಇಡುವಾಗಲೇ ಅವಳ ಕೈ ನಿಧಾನವಾಯಿತು. ಪಕ್ಕಪಕ್ಕದ ಯಾವ ಎರಡು ಬಿಲ್ಲೆಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಆದರೆ ಎಡತುದಿಯದು ಒಲೆಯ ಬೂದಿ, ಬಲತುದಿಯದು ಇದ್ದಿಲು.

ಅತ್ತೆ ಕೊನೆಯದನ್ನು ಇಟ್ಟು ಎದ್ದು ನಿಂತಳು. ಎದುರು ಸೀಟಿನವರ ಹಲ್ಲಿನ ಬಣ್ಣ ಹೇಳುವವಳು.

"ಮರಿ ಹುಟ್ಟಿದಾಗ ಕಾಲು ಯಾವ ಬಣ್ಣ ಇರುತ್ತೆ?" ಪರೀಕ್ಷಕರು ಕೇಳಿದರು.

ಆ ಪ್ರಶ್ನೆಗೆ ಉತ್ತರ ಹೇಳಿದವಳು ನಾನು. ಇದಾದರೂ ನಮ್ಮ ಕಡೆ ನಿಲ್ಲುತ್ತದೆ ಅಂತ, ಎದೆಯುಬ್ಬಿಸಿ, ಬಾಯಿಪಾಠ ಒಪ್ಪಿಸುವ ಹಾಗೆ. "ಮೊದಲ ದಿನವೇ ಕಪ್ಪು ಸರ್! ಬಿಳಿ ಕಾಲಿನದ್ದನ್ನ ನಾವು ಇಟ್ಕೊಳ್ಳೋದೇ ಇಲ್ಲ."

ಅವರು ಕನ್ನಡಕ ತೆಗೆದರು. "ಏನು ಮಾಡ್ತೀರಿ ಅವನ್ನ?"

ಬಕೆಟ್ಟು ನಲ್ಲಿಯ ಪಕ್ಕ ಬೋರಲಾಗಿ ಒಣಗುತ್ತಿತ್ತು. ನಾನು ಅದರ ಕಡೆ ನೋಡಬಾರದಾಗಿತ್ತು. ನೋಡಿದೆ. ಅವರೂ ನೋಡಿದರು.

"ಬೂದಿಗಾಲಿನ ಮರಿ ಹುಟ್ಟೋದು ಬಿಳಿ ಕಾಲಲ್ಲೇ ತಾಯಿ" ಅಂದರು ಅವರು, ಇನ್ನಷ್ಟು ಸಣ್ಣ ದನಿಯಲ್ಲಿ. "ಒಳಗಿನ ಬಣ್ಣ ಮೇಲೆ ಬರೋಕೆ ಮೂರು ತಿಂಗಳು ಬೇಕು. ನಾನು ಸಣ್ಣವನಿದ್ದಾಗ ಒಬ್ಬ ಅಜ್ಜಿ ಹತ್ರ ನೋಡಿದೀನಿ. ಅವರದ್ದೆಲ್ಲ ರೋಗದಲ್ಲಿ ಹೋಯ್ತು. ಮೊದಲ ದಿನವೇ ಕಪ್ಪು ಅಂದ್ರೆ ಯಾವುದೋ ಕರಿಕೋಳಿ ರಕ್ತ ಸೇರಿದೆ."

ಅತ್ತೆ ಒಗೆಯುವ ಕಲ್ಲಿಗೆ ಒರಗಿಕೊಂಡಳು. ಎರಡು ಬಿಲ್ಲೆ ಕೆಳಗೆ ಬಿದ್ದವು. ನಾನು ಎತ್ತಿಡಲು ಹೋದೆ, ಯಾವುದು ಎಲ್ಲಿಯದು ಅಂತ ಗೊತ್ತಾಗಲಿಲ್ಲ.

ಹೊರಡುವಾಗ ಪರೀಕ್ಷಕರು ವ್ಯಾನಿನ ಬಾಗಿಲು ಹಿಡಿದು ನಿಂತರು. ಸಂಘದ ಸಭೆಗೆ ಆರು ವಾರ ಇದೆ ಅಂದರು. ಅಷ್ಟರೊಳಗೆ ಒಂದೇ ಒಂದು ಬಿಳಿ ಕಾಲಿನ ಮರಿ ಹುಟ್ಟಿ ಬದುಕಿದರೂ ಸಾಕು, "ಪರಿಶೀಲನೆಯಲ್ಲಿದೆ" ಅಂತ ಬರೆದು ಒಂದು ವರ್ಷ ತಡೆಯಬಹುದು. ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ಹೊಡೆದುಹಾಕಬೇಕು. "ಈ ವರ್ಷ ಈಗಾಗ್ಲೇ ನಾಲ್ಕು ಹೆಸರು ಹೊಡೆದಿದೀನಿ. ಐದನೇದು ನನ್ನ ಕೈಲಿ ಮಾಡಿಸ್ಬೇಡಿ." ಚಹಾ ಕುಡಿಯದೆಯೇ ಹೋದರು.

ಮಧ್ಯಾಹ್ನ ಅಪ್ಪ ಊಟಕ್ಕೆ ಬಂದ. ಬಾಗಿಲಲ್ಲೇ, "ಏನಕ್ಕಾ, ನಿನ್ನ ಕೋಳಿ ಕೂಗಿದ್ರೇನೇ ಲೋಕಕ್ಕೆ ಬೆಳಗಾಗೋದು ಅಂತ ಬರ್ಕೊಟ್ರಾ?" ಅಂದ. ನಾನು ಕಣ್ಣು ಬಿಟ್ಟೆ. ಅವನು ಚಪ್ಪಲಿ ಬಿಟ್ಟು ಸುಮ್ಮನೆ ಒಳಗೆ ಬಂದ. ನಾನೇ ಎಲ್ಲ ಹೇಳಿದೆ.

ಕೇಳಿ ಅವನು ಸುಮ್ಮನಿರಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಬಾಯಿ ಮುಚ್ಚಿಕೊಳ್ಳುವ ಕಲೆ ಯಾರಿಗೂ ಬರುವುದಿಲ್ಲ.

"ಅಲ್ಲ ಅಕ್ಕಾ, ನಮ್ಮಪ್ಪ ಬೇಡದ್ದನ್ನ ಕುಯ್ತಿದ್ದಿದ್ದು ದೊಡ್ಡವಾದ ಮೇಲಲ್ವಾ? ನಾಲ್ಕು ತಿಂಗಳಾದ ಮೇಲೆ. ನಾವಿಬ್ರೂ ಕೂತು ತಿಂದಿದೀವಿ. ಒಂದು ದಿನದ ಮರಿ ಯಾರು ತಿಂತಾರೆ?"

"ಗೊತ್ತು."

"ಗೊತ್ತಿದ್ದೂ?"

"ಗೊತ್ತು ಅಂದ್ನಲ್ಲ!" ಅತ್ತೆ ತಟ್ಟೆ ತಳ್ಳಿದಳು. "ನಾಲ್ಕು ತಿಂಗಳು ಕೈಯಲ್ಲಿ ಕಾಳು ತಿಂದಿರ್ತವೆ ಕಣೋ. ಕರೆದ್ರೆ ಓಡಿ ಬರ್ತವೆ. ಒಂದೊಂದಕ್ಕೆ ಹೆಸರಿಟ್ಟಿರ್ತೀವಿ. ಆಮೇಲೆ ಹಿಡ್ಕೊಂಡು ಕುಯ್ಯೋದು ನನ್ನ ಕೈಲಾಗ್ತಿರ್ಲಿಲ್ಲ. ಮೊದಲ ದಿನ ಆದ್ರೆ ಅದಕ್ಕೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ. ಕಣ್ಣೇ ಸರಿಯಾಗಿ ಬಿಟ್ಟಿರಲ್ಲ. ಪಾಪ ಅಂತ ಮಾಡಿದ್ದು ನಾನು. ಪಾಪ ಅಂತ!"

ಅಪ್ಪ ಅನ್ನ ಕಲಸುತ್ತಾ ಕೂತ. ಆಮೇಲೆ, ಕೇಳದಿದ್ದರೂ, ಬಡಗಿಯ ಕರಿಹುಂಜದ ಮಾತು ತೆಗೆದ. ಅತ್ತೆ ಕೋಳಿಗಳನ್ನು ತಂದ ಮೊದಲ ವರ್ಷ ಪಕ್ಕದ ಮನೆಯ ಬಡಗಿಯ ಹುಂಜ ಬೇಲಿ ಹಾರಿ ಬಂದು ಎರಡು ದಿನ ಗೂಡಿನಲ್ಲಿತ್ತಂತೆ. ಅತ್ತೆ ಒಂದು ವಾರದ ಮೊಟ್ಟೆಗಳನ್ನೆಲ್ಲ ಒಡೆದುಹಾಕಿದಳು. ಹೇಟೆಯ ಹೊಟ್ಟೆಯಲ್ಲಿ ಹುಂಜದ ಬೀಜ ಮೂರು ವಾರ ಉಳಿಯುತ್ತದೆ. ಅದು ಅವಳಿಗೆ ಆಗ ಗೊತ್ತಿರಲಿಲ್ಲ. ಎರಡನೇ ವಾರದ ಮೊಟ್ಟೆಗಳಿಂದ ಮೊದಲ ದಿನವೇ ಕಪ್ಪು ಕಾಲಿನ ಮರಿಗಳು ಬಂದವು. ಅಜ್ಜನ ಕೋಳಿಯ ರಕ್ತ ಗಟ್ಟಿಯಾಗುತ್ತಿದೆ ಅಂತ ಅವಳು ಕುಣಿದಾಡಿದ್ದಳು.

"ಯಾಕೆ ಆಗ್ಲೇ ಹೇಳ್ಲಿಲ್ಲ?" ಅಂದೆ ನಾನು ಅಪ್ಪನಿಗೆ.

"ನನಗೇನು ಗೊತ್ತು ಕೋಳಿ ವಿಷಯ? ನನಗೆ ಲಿಫ್ಟು ಮೇಲೆ ಹೋಗೋದು ಕೆಳಗೆ ಬರೋದು ಗೊತ್ತು."

ನಾನು ಮನಸ್ಸಿನಲ್ಲೇ ಬಿಳಿ ಕಾಲುಗಳನ್ನು ಕೂಡಿಸಲು ಶುರುಮಾಡಿದ್ದೆ. ತುಟಿ ಅಲ್ಲಾಡಿರಬೇಕು. ಅತ್ತೆ ನನ್ನ ಮುಖ ನೋಡಿ, "ಲೆಕ್ಕ ಹಾಕ್ಬೇಡ ಗಿಲಕಿ" ಅಂದಳು.

ಮರುದಿನದಿಂದ ಎಲ್ಲ ಮೊಟ್ಟೆಯನ್ನೂ ಕೂಡಿಟ್ಟೆವು. ಯಾವ ಮೊಟ್ಟೆ ಯಾವ ಹೇಟೆಯದು ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕುವುದು ಅತ್ತೆಯ ಪದ್ಧತಿ. ಹಿಂದಿನ ಸಲದ ಪುಸ್ತಕ ತೆಗೆದು ನೋಡಿದಳು. ಆ ಐವತ್ತೊಂದನೆಯ ಮರಿ ಮುದುಕಿಯ ಮೊಟ್ಟೆಯಿಂದ ಬಂದಿತ್ತು. ಮುದುಕಿ ಅಂದರೆ ಹತ್ತು ವರ್ಷದ ಹೇಟೆ, ಒಂದು ಕಣ್ಣು ಮಂಜಾಗಿದೆ, ಮೆಟ್ಟಿಲು ಹತ್ತಲು ಅದಕ್ಕೆ ನಾನು ಇಟ್ಟಿಗೆ ಹಾಕಿಕೊಟ್ಟಿದ್ದೆ. ಹೋದ ವರ್ಷದ ಮೂರೂ ಅದರವೇ. ಉಳಿದ ಯಾವ ಹೇಟೆಯಿಂದಲೂ ನಾಲ್ಕು ವರ್ಷದಿಂದ ಒಂದೂ ಬಿಳಿ ಕಾಲು ಬಂದಿರಲಿಲ್ಲ.

"ಅದೊಂದರಲ್ಲಿ ಉಳ್ಕೊಂಡಿದೆ" ಅಂದಳು ಅತ್ತೆ. "ಅದರಲ್ಲಿ ಮಾತ್ರ."

ಆ ವಯಸ್ಸಿಗೆ ಮೊಟ್ಟೆಯೇ ಅಪರೂಪ. ನಾವು ಮುದುಕಿಗೆ ಬೇಯಿಸಿದ ಕಾಳು, ಸೊಪ್ಪು, ಚಿಪ್ಪಿನ ಪುಡಿ ಕೊಟ್ಟೆವು. ಬಿಸಿಲು ಬಂದ ಕಡೆಗೆಲ್ಲ ಎತ್ತಿಕೊಂಡು ಹೋದೆವು. "ಬಾಣಂತಿಗೂ ಇಷ್ಟು ಮಾಡಲ್ಲ" ಅಂದ ಅಪ್ಪ. ಅವನೇ ಸಂಜೆ ಕೆಲಸದಿಂದ ಬರುವಾಗ ಅದಕ್ಕೆ ಎಳೆ ಸೊಪ್ಪು ತಂದಿದ್ದ. ಹತ್ತು ದಿನದಲ್ಲಿ ಮುದುಕಿ ಎರಡು ಮೊಟ್ಟೆ ಇಟ್ಟಿತು. ಆಮೇಲೆ ಪುಕ್ಕ ಉದುರಿಸಲು ಶುರುಮಾಡಿತು. ಇನ್ನು ಈ ಜನ್ಮಕ್ಕೆ ಇಡುವುದಿಲ್ಲ ಅಂದಳು ಅತ್ತೆ, ಅದರ ಹೊಟ್ಟೆಯ ಎಲುಬುಗಳ ನಡುವೆ ಬೆರಳಿಟ್ಟು ನೋಡಿ.

ಐವತ್ತೆಂಟು ಮೊಟ್ಟೆ ಕಾವಿಗೆ ಹೋದವು. ಏಳನೇ ದಿನ ಬೆಳಕಿಗೆ ಹಿಡಿದು ನೋಡಿದಾಗ ಮುದುಕಿಯ ಒಂದು ಮೊಟ್ಟೆ ಖಾಲಿ. ಇನ್ನೊಂದರಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು, ನಡುವೆ ಒಂದು ಚುಕ್ಕೆ. ಚುಕ್ಕೆ ಅಲ್ಲಾಡಿತು. ನಾನು ಅಳುತ್ತಾ ನಗುತ್ತಾ ಅತ್ತೆಯನ್ನು ತಬ್ಬಿಕೊಂಡೆ. ಅವಳು ಮೊಟ್ಟೆ ಹಿಡಿದ ಕೈಯನ್ನು ಮಾತ್ರ ದೂರ ಚಾಚಿ ನಿಂತಿದ್ದಳು.

ಇಪ್ಪತ್ತೊಂದನೇ ದಿನ ಬುಧವಾರ ಬಿತ್ತು. ಲ್ಯಾಬಿನಲ್ಲಿ ಯಾರದೋ ಪೂರ್ತಿ ಸೆಟ್ಟು ಅಂದೇ ಹೋಗಬೇಕಿತ್ತು. ಅತ್ತೆ ರಜೆ ಕೇಳಿದಳು, ಸಿಗಲಿಲ್ಲ. ಬೆಳಿಗ್ಗೆ ಏಳಕ್ಕೆ ನಲವತ್ತೊಂದು ಮರಿ ಹೊರಬಂದಿದ್ದವು. ಎಲ್ಲವೂ ಕಪ್ಪು. ಈ ಸಲ ಡಬ್ಬ ಮಾತ್ರ ಇತ್ತು, ಬಕೆಟ್ಟು ಇಟ್ಟಿರಲಿಲ್ಲ. ಮುದುಕಿಯ ಮೊಟ್ಟೆಯಲ್ಲಿ ಹಿಂದಿನ ಸಂಜೆಯೇ ಒಂದು ತೂತು ಬಿದ್ದಿತ್ತು, ಒಳಗಿಂದ ಕೊಕ್ಕು ಕಾಣುತ್ತಿತ್ತು. ಅಷ್ಟೇ. ಮುಂದಕ್ಕೆ ಹೋಗಿರಲಿಲ್ಲ.

"ಮುಟ್ಬೇಡ" ಅಂದಳು ಅತ್ತೆ, ಚಪ್ಪಲಿ ಹಾಕಿಕೊಳ್ಳುತ್ತಾ. "ಏನೇ ಆದ್ರೂ ಮುಟ್ಬೇಡ. ತಾನೇ ಬರ್ಬೇಕು."

ಮರಿ ಸಾಕುವವರಿಗೆಲ್ಲ ಗೊತ್ತಿರುವ ನಿಯಮ ಅದು. ಚಿಪ್ಪಿನ ಒಳಪೊರೆಯಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ. ಅದು ಒಣಗಿದ ಮೇಲೆ, ಮೊಟ್ಟೆಯ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡ ಮೇಲೆ ಮರಿ ತಾನೇ ಸುತ್ತ ಒಡೆದುಕೊಂಡು ಬರುತ್ತದೆ. ಅದಕ್ಕೆ ಮೊದಲು ನಾವು ಬಿಡಿಸಿದರೆ ರಕ್ತ ಸೋರಿ ಸಾಯುತ್ತದೆ. ನನಗೂ ಗೊತ್ತಿತ್ತು. ಕಾಲೇಜಿಗೆ ಹೋಗದೆ ಪೆಟ್ಟಿಗೆಯ ಮುಂದೆ ಕೂತೆ.

ಹನ್ನೊಂದು ಗಂಟೆಗೆ ಮೊಟ್ಟೆ ಸ್ವಲ್ಪ ಉರುಳಿತು, ತೂತು ನನ್ನ ಕಡೆ ತಿರುಗಿತು. ಕೊಕ್ಕಿನ ಪಕ್ಕದಲ್ಲಿ ಮಡಚಿಕೊಂಡ ಒಂದು ಬೆರಳು. ಮೇಣದ ಬಣ್ಣ. ಉಗುರೂ ಬಿಳಿ.

ವೀಡಿಯೊ ಮಾಡಿ ಅತ್ತೆಗೆ ಕಳಿಸಿದೆ. ಅರ್ಧ ನಿಮಿಷಕ್ಕೆ ಫೋನ್ ಬಂತು. ಹಿಂದೆ ಉಜ್ಜುವ ಮಷೀನಿನ ಸದ್ದು.

"ಬಿಳಿ" ಅಂದಳು.

"ಬಿಳಿ ಅತ್ತೆ! ಬಿಳಿ!"

"ಮುಟ್ಬೇಡ."

ಹನ್ನೆರಡಕ್ಕೆ ಮತ್ತೆ ಮಾಡಿದಳು. ಒಂದಕ್ಕೆ ಮತ್ತೆ. ಕೂಗು ಕೇಳಿಸುತ್ತಾ ಅಂದಳು. ಮೊದಲು ಕೇಳಿಸುತ್ತಿತ್ತು, ಈಗ ಸಣ್ಣದಾಗಿದೆ ಅಂದೆ. ಉಸಿರಾಡ್ತಿದೆಯಾ ಅಂದಳು. ಕೊಕ್ಕು ತೆರೆದು ಮುಚ್ಚುತ್ತಿದೆ, ತುಂಬಾ ನಿಧಾನ ಅಂದೆ. ಎರಡು ಗಂಟೆಗೆ ಫೋನ್ ಮಾಡಿದಾಗ ಮಷೀನಿನ ಸದ್ದಿರಲಿಲ್ಲ. ಅವಳು ಎಲ್ಲೋ ಮೆಟ್ಟಿಲ ಮೇಲೆ ಬಂದು ನಿಂತಿರಬೇಕು.

"ಒದ್ದಾಡ್ತಿದೆಯಾ?"

"ಹೂಂ."

"ಪಾಪ. ತೆಗಿ."

"ಅತ್ತೆ, ನೀನೇ ಮುಟ್ಬೇಡ ಅಂದೆ."

"ಒಳಗೇ ಸತ್ತುಹೋಗುತ್ತೆ ಕಣೇ. ಇಷ್ಟು ಹೊತ್ತಾಯ್ತು. ಬಿಸಿನೀರಲ್ಲಿ ಬೆರಳು ಒದ್ದೆ ಮಾಡ್ಕೋ. ತೂತಿನ ಸುತ್ತ ಮೆಲ್ಲಗೆ ತೆಗಿ. ಮೆಲ್ಲಗೆ."

ನಾನು ಮೆಲ್ಲಗೇ ತೆಗೆದೆ. ಚಿಪ್ಪಿನ ಮೊದಲ ಚೂರು ಒಣಗಿತ್ತು. ಎರಡನೆಯದೂ. ಮೂರನೆಯ ಚೂರಿನ ಜೊತೆ ಪೊರೆ ಹರಿಯಿತು, ನನ್ನ ಬೆರಳಿನ ಮೇಲೆ ಕೆಂಪು ಬಂತು. ನಿಲ್ಲಿಸಬೇಕಿತ್ತು. ಆದರೆ ಮರಿ ಒಳಗಿಂದ ಒಮ್ಮೆ ಜೋರಾಗಿ ಒದೆಯಿತು, ಉಳಿದ ಚಿಪ್ಪು ತಾನೇ ಬಿಚ್ಚಿಕೊಂಡಿತು. ಅದು ನನ್ನ ಅಂಗೈಗೆ ಬಂತು. ಹೊಟ್ಟೆಯ ಹೊರಗೆ ಹಳದಿ ಚೀಲ ಹಾಗೇ ಜೋತಾಡುತ್ತಿತ್ತು.

"ಬಂತಾ? ಬಂತಾ ಗಿಲಕಿ?"

"ಬೇಗ ಬಾ" ಅಂದೆ.

ಅವಳು ಹೇಗೆ ಬಂದಳೋ ಗೊತ್ತಿಲ್ಲ. ಏಪ್ರನ್ ಕೂಡ ತೆಗೆದಿರಲಿಲ್ಲ, ತೋಳಿನವರೆಗೆ ಹಲ್ಲಿನ ಸೆಟ್ಟು ಉಜ್ಜಿದ ಗುಲಾಬಿ ಬಣ್ಣದ ಪುಡಿ. ಮರಿ ಇನ್ನೂ ಬದುಕಿತ್ತು. ಕರವಸ್ತ್ರದಲ್ಲಿ ಇಟ್ಟಿದ್ದೆ, ಅದು ಒದ್ದೆಯಾಗಿತ್ತು. ಅತ್ತೆ ಅದನ್ನು ಎತ್ತಿ, ಹೊಟ್ಟೆ ನೋಡಿ, ಕಾಲು ನೋಡಿದಳು. ನನ್ನನ್ನು ಬೈಯಲಿಲ್ಲ.

"ಇನ್ನೊಂದು ದಿನ ಬೇಕಿತ್ತು ಇದಕ್ಕೆ" ಅಂದಳು. "ಕಾಯ್ಬೇಕಿತ್ತು. ನಾನೇ ತೆಗಿ ಅಂದೆ."

ಮರಿ ಬಾಯಿ ತೆರೆದು ಮುಚ್ಚುತ್ತಿತ್ತು, ಸದ್ದಿಲ್ಲ. ಅತ್ತೆ ಹೆಬ್ಬೆರಳನ್ನು ಅದರ ಕತ್ತಿನ ಹಿಂದೆ ಇಟ್ಟಳು. ಇಟ್ಟಲ್ಲೇ ಇಟ್ಟುಕೊಂಡು ಕೂತಳು. ಫೋನಿನಲ್ಲಿ ಗಂಟೆ ನೋಡಿದೆ, ಆರು ನಿಮಿಷ. ಆಮೇಲೆ ಮರಿಯನ್ನು ನನ್ನ ಕೈಗೆ ಕೊಟ್ಟಳು.

"ನನ್ನ ಕೈಲಾಗಲ್ಲ. ನೀನು ಮಾಡು."

"ನನಗೆ ಬರಲ್ಲ ಅತ್ತೆ."

"ಇಲ್ಲಿ. ತಲೆಗೂ ಬೆನ್ನಿಗೂ ಮಧ್ಯ ಒಂದು ತಗ್ಗು ಸಿಗುತ್ತೆ ನೋಡು. ಸಿಕ್ತಾ? ಅಲ್ಲಿ."

ಸಿಕ್ಕಿತು. ಸದ್ದು ಬರುವುದಿಲ್ಲ ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ. ಬರುತ್ತದೆ. ಒತ್ತುವವರಿಗೆ ಮಾತ್ರ, ಬೆರಳಿನಲ್ಲಿ.

ಮರುದಿನ ಬೆಳಿಗ್ಗೆ ನಲವತ್ತೊಂದು ಮರಿಗಳಿಗೆ ನೀರು ಕುಡಿಯುವುದನ್ನು ಕಲಿಸಬೇಕಿತ್ತು. ತಾಯಿಯಿಲ್ಲದ ಮರಿಗಳಿಗೆ ಅದು ತಾನಾಗಿ ಬರುವುದಿಲ್ಲ. ಒಂದೊಂದರ ಕೊಕ್ಕನ್ನೂ ಒಮ್ಮೆ ನೀರಿಗೆ ಅದ್ದಿ ತೋರಿಸಬೇಕು. ನಾನೂ ಅತ್ತೆಯೂ ಎದುರು ಬದುರು ಕೂತು ಅದ್ದುತ್ತಿದ್ದೆವು. ಪರೀಕ್ಷಕರ ಫೋನ್ ಬಂತು. ಕೈ ಒದ್ದೆಯಾಗಿದ್ದರಿಂದ ಸ್ಪೀಕರ್ ಹಾಕಿ ನೆಲದ ಮೇಲಿಟ್ಟೆ.

ಅತ್ತೆ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಆ ಕಡೆಯಿಂದ ಮಕ್ಕಳ ಗಲಾಟೆ, ವ್ಯಾನಿನ ಹಾರ್ನು.

"ತಾಯಿ, ಒಂದು ಮಾತು ಹೇಳ್ಲಾ?" ಅಂದರು ಅವರು. "ಮರಿ ಹುಟ್ಟಿತು ಅಂತ ಮಾತ್ರ ಹೇಳಿ. ಅದು ಸುಳ್ಳೇನಲ್ಲವಲ್ಲ. ಮಿಕ್ಕಿದ್ದು ನನಗೆ ಕೇಳಿಸ್ಲಿಲ್ಲ. ಪರಿಶೀಲನೆಯಲ್ಲಿದೆ ಅಂತ ಬರ್ಕೋತೀನಿ. ಒಂದು ವರ್ಷ ಹೆಸರಾದ್ರೂ ಉಳಿಯುತ್ತೆ."

ನಾನು ಅತ್ತೆಯ ಮುಖ ನೋಡಿದೆ. ಹೂಂ ಅನ್ನು, ಹೂಂ ಅನ್ನು ಅಂತ ತಲೆಯಾಡಿಸಿದೆ.

"ನಾನು ದಿನಾ ಹಲ್ಲು ಮಾಡ್ತೀನಿ ಸ್ವಾಮಿ" ಅಂದಳು ಅತ್ತೆ. "ಅಸಲಿ ಹಲ್ಲಿನ ಹಾಗೇ ಇರುತ್ತೆ, ಡಾಕ್ಟರಿಗೂ ಗೊತ್ತಾಗಲ್ಲ. ಆದ್ರೆ ಹಾಕ್ಕೊಂಡೋರಿಗೆ ಗೊತ್ತಿರುತ್ತೆ, ಬಾಯಲ್ಲಿ ತಮ್ಮದಲ್ದಿರೋದು ಇದೆ ಅಂತ. ಬೇಡ. ಹೊಡೆದುಹಾಕಿ."

ಗಲಾಟೆ ಕಡಿಮೆಯಾಯಿತು. ಅವರು ವ್ಯಾನಿನಿಂದ ಇಳಿದಿರಬೇಕು. ಕಾಗದ ಮಗುಚುವ ಸದ್ದು.

"ಕಾರಣ ಅಂತ ಒಂದು ಕಾಲಂ ಇದೆ. ರೋಗ, ಬೆರಕೆ, ಪಾಲಕರ ಮರಣ, ಅಂತ. ಬೆರಕೆ ಅಂತ ಹಾಕ್ಲಾ?"

"ಬೆರಕೆ ಒಂದು ಸಲ ಆಗಿದ್ದು. ಅದನ್ನ ಸರಿ ಮಾಡ್ಕೋಬಹುದಿತ್ತು, ಬಿಳಿ ಕಾಲು ವರ್ಷ ವರ್ಷ ಬರ್ತಾನೇ ಇದ್ವು." ಅತ್ತೆ ಒಂದು ಮರಿಯ ಕೊಕ್ಕು ಅದ್ದಿ, ಅದು ತಲೆ ಎತ್ತಿ ನುಂಗುವವರೆಗೂ ಕಾದು, ಡಬ್ಬಕ್ಕೆ ಬಿಟ್ಟಳು. "ಪಾಲಕರು ಅಂತ ಹಾಕಿ."

"ಪಾಲಕರ ಮರಣವಾ? ನೀವು..."

"ಮರಣ ಬೇಡ. ಪಾಲಕರು. ಅಷ್ಟೇ ಬರೀರಿ."

ಅವರು ಬರೆದರೋ ಇಲ್ಲವೋ ಗೊತ್ತಿಲ್ಲ. ಅತ್ತೆ ನನ್ನ ಕಡೆಗೆ ಕೈ ಚಾಚಿದಳು. ನಾನು ಮುಂದಿನ ಮರಿಯನ್ನು ಎತ್ತಿ ಕೊಟ್ಟೆ.